ರಾಮನ್ ಪರಿಣಾಮ, ಡಾಪ್ಲರ್ ಪರಿಣಾಮ... ಈ ಹೆಸರು ಇಡೋದು ಯಾರು?

ಜೆರಾಕ್ಸ್_ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಕೋರ್ಟ್ ಹತ್ತಿರ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ವಿಜ್ಞಾನಕ್ಕೂ ನನಗೂ ಸಂಬಂಧ ಬಿಟ್ಟು ಬಹಳ ವರ್ಷ ಆಯಿತು. ಪಿಯುಸಿಯಲ್ಲಿ ಫಿಸಿಕ್ಸ್ ಒಂದೇ ಸಲಕ್ಕೆ ಪಾಸಾಗಿದ್ದೇ ನಮ್ಮ ಮನೆಯಲ್ಲಿ ಇವತ್ತಿಗೂ ದೊಡ್ಡ ಸುದ್ದಿ.

ಮಗಳು ಒಂಬತ್ತನೇ ಕ್ಲಾಸ್. ಫೆಬ್ರವರಿ 28ಕ್ಕೆ ವಿಜ್ಞಾನ ದಿನ ಇದೆಯಲ್ಲ, ಶಾಲೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಾರ್ಟ್ ಮಾಡೋಕೆ ಹೇಳಿದ್ದಾರೆ. ಇವಳಿಗೆ ಬಂದಿದ್ದು "ವ್ಯಕ್ತಿಗಳ ಹೆಸರಿನ ವೈಜ್ಞಾನಿಕ ಶೋಧಗಳು". ನಿನ್ನೆ ಸಂಜೆ ಅಂಗಡಿಗೆ ಬಂದು, ಕೆಟ್ಟುಹೋದ ಜೆರಾಕ್ಸ್ ಹಾಳೆಗಳ ಹಿಂದೆ ಪಟ್ಟಿ ಬರೆದಳು. ಹದಿನಾಲ್ಕು ಹೆಸರು. ಅದರಲ್ಲಿ ನಮ್ಮವರು ಇಬ್ಬರೇ, ರಾಮನ್ ಮತ್ತು ಚಂದ್ರಶೇಖರ್. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದಳು, "ಪಪ್ಪಾ, ಈ ಹೆಸರು ಯಾರ್ ಇಡ್ತಾರ? ತಾವೇ ಇಟ್ಕೋತಾರೇನು?" ಗಿರಾಕಿ ನಿಂತಿದ್ದರು, ಸುಮ್ನೆ "ಸರ್ಕಾರ ಇಡ್ತದವ್ವಾ" ಅಂದುಬಿಟ್ಟೆ. ಗಿರಾಕಿಯೇ ನಕ್ಕರು.

ಇನ್ನೊಂದು ಗೊಂದಲ. ಸ್ಟೇಷನರಿ ಅಂಗಡಿಯಿಂದ ತಂದ ರೆಡಿಮೇಡ್ ಚಾರ್ಟ್‌ನಲ್ಲಿ "ಹ್ಯಾಲಿ ಧೂಮಕೇತುವನ್ನು 1705ರಲ್ಲಿ ಹ್ಯಾಲಿ ಕಂಡುಹಿಡಿದನು" ಅಂತ ಇದೆ. ಅದೇ ಚಾರ್ಟ್‌ನ ಕೆಳಗೆ ಸಣ್ಣಕ್ಷರದಲ್ಲಿ "1531, 1607 ಮತ್ತು 1682ರಲ್ಲೂ ಕಾಣಿಸಿತ್ತು" ಅಂತಲೂ ಇದೆ. ಮೊದಲೇ ಕಂಡಿದ್ದನ್ನು ಮತ್ತೆ ಕಂಡುಹಿಡಿಯೋದು ಹೇಗೆ ಅಂತ ಅವಳ ತಕರಾರು. ನನಗೂ ಅದು ಸರಿ ಅನ್ನಿಸಿತು. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ, ಮಗಳಿಗೆ ಓದಿ ಹೇಳುತ್ತೇನೆ.

ಬೀದರ್_ಮಾಸ್ತರ್

ಸಾಹೇಬರೇ, ನಿಮ್ಮ ಮಗಳು ಕೇಳಿದ್ದು ಬಹಳ ಒಳ್ಳೆ ಪ್ರಶ್ನೆ. ನಾನು ಇಪ್ಪತ್ತು ವರ್ಷದಿಂದ ಫಿಸಿಕ್ಸ್ ಹೇಳಿಕೊಡುತ್ತಿದ್ದೇನೆ, ಒಬ್ಬ ಹುಡುಗನೂ ಇದನ್ನು ಕೇಳಿಲ್ಲ. ಎಲ್ಲರೂ ಹೆಸರು ಬಾಯಿಪಾಠ ಮಾಡುತ್ತಾರೆ, ಅಷ್ಟೇ.

ಮೊದಲು ಇಡೋದು ಯಾರು ಅನ್ನೋದು. ಕೆಲವಕ್ಕೆ ನಿಜವಾಗಿಯೂ ಕಚೇರಿ ಇದೆ. ಹೊಸ ಮೂಲವಸ್ತು ಸಿಕ್ಕರೆ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಹೆಸರಿಗೆ ಒಪ್ಪಿಗೆ ಕೊಡುತ್ತದೆ. ಕ್ಷುದ್ರಗ್ರಹ ಸಿಕ್ಕರೆ ಕಂಡವನು ಹೆಸರು ಸೂಚಿಸುತ್ತಾನೆ, ಖಗೋಳ ಒಕ್ಕೂಟದ ಸಮಿತಿ ನೋಡಿ ಹೂಂ ಅನ್ನುತ್ತದೆ. ಆದರೆ ನಿಯಮ, ಪರಿಣಾಮ, ಪ್ರಮೇಯ ಇವಕ್ಕೆ ಯಾವ ಆಫೀಸೂ ಇಲ್ಲ, ಯಾವ ಅರ್ಜಿಯೂ ಇಲ್ಲ. ಊರಲ್ಲಿ ಒಬ್ಬರಿಗೆ ಅಡ್ಡಹೆಸರು ಬೀಳುತ್ತದಲ್ಲ, ಹಾಗೆ. ಯಾರೋ ಒಬ್ಬರು ಬರೆಯುವಾಗ ಬಳಸುತ್ತಾರೆ, ಇನ್ನೊಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ, ಹತ್ತು ವರ್ಷದಲ್ಲಿ ಪಠ್ಯಪುಸ್ತಕಕ್ಕೆ ಬರುತ್ತದೆ. ಆಮೇಲೆ ಯಾರಿಂದಲೂ ಅಳಿಸೋಕಾಗಲ್ಲ.

ರಾಮನ್ ಅವರದ್ದೇ ತೆಗೆದುಕೊಳ್ಳಿ. 1928ರ ಫೆಬ್ರವರಿ 28, ಕೋಲ್ಕತ್ತದ ಬೌಬಜಾರ್ ರಸ್ತೆಯ ಪ್ರಯೋಗಾಲಯ. ಒಂದೇ ಬಣ್ಣದ ಬೆಳಕನ್ನು ದ್ರವದೊಳಗೆ ಬಿಟ್ಟರೆ ಚದುರಿ ಬರೋ ಬೆಳಕಿನಲ್ಲಿ ಬಹಳ ಸ್ವಲ್ಪ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಸ್ವಲ್ಪ ಅಂದರೆ ಎಷ್ಟು, ಸುಮಾರು ಬೆಳಕಿನ ಕೋಟಿ ಕಣಕ್ಕೆ ಒಂದು. ಅವರ ಜೊತೆ ದುಡಿದವರು ಕೆ.ಎಸ್. ಕೃಷ್ಣನ್. ಇದಕ್ಕೆ "ರಾಮನ್ ಪರಿಣಾಮ" ಅಂತ ಕರೆದದ್ದು ರಾಮನ್ ಅಲ್ಲ, ಬರ್ಲಿನ್‌ನ ಪೀಟರ್ ಪ್ರಿಂಗ್ಸ್‌ಹೈಮ್ ಅನ್ನೋ ವಿಜ್ಞಾನಿ, ಅದೇ ವರ್ಷ. ಆದ್ದರಿಂದ ಮಗಳಿಗೆ ಹೇಳಿ, ತಾವೇ ಇಟ್ಟುಕೊಳ್ಳಲ್ಲ, ಬೇರೆಯವರು ಇಡುತ್ತಾರೆ ಅಂತ. ಕೃಷ್ಣನ್ ಹೆಸರು ಮಾತ್ರ ಅದರಲ್ಲಿ ಸೇರಲಿಲ್ಲ. ನನಗೆ ಇದು ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ.

ಇದಕ್ಕಿಂತ ಮಜಾ ಅಂದರೆ, ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅನ್ನೋ ಇಬ್ಬರು ಅದೇ ಸಂಗತಿಯನ್ನು ಕ್ವಾರ್ಟ್ಜ್ ಹರಳಿನಲ್ಲಿ ಅದೇ ಫೆಬ್ರವರಿಯಲ್ಲಿ, ಒಂದು ವಾರ ಮೊದಲೇ ಕಂಡಿದ್ದರು. ಆದರೆ ಬರೆದು ಕಳಿಸೋದು ತಡವಾಯಿತು. ರಾಮನ್ ಅವರ ಪತ್ರ ಮಾರ್ಚ್‌ನಲ್ಲೇ ಅಚ್ಚಾಗಿತ್ತು. 1930ಕ್ಕೆ ನೊಬೆಲ್ ಬಂತು. ರಷ್ಯಾದ ಪುಸ್ತಕಗಳಲ್ಲಿ ಇವತ್ತಿಗೂ "ರಾಮನ್" ಅಂತ ಹಾಕಲ್ಲ, ಸಂಯೋಗ ಚದುರಿಕೆ ಅನ್ನೋ ಅರ್ಥದ ಹೆಸರಿದೆ. ಹಾಗೇ ಗಾಳಿಯನ್ನು ಎಷ್ಟು ಪಟ್ಟು ಒತ್ತಿದರೆ ಅಷ್ಟು ಪಟ್ಟು ಗಾತ್ರ ಕುಗ್ಗುತ್ತದೆ ಅಂತ ನಾವು ಬಾಯ್ಲ್ ನಿಯಮ ಅನ್ನೋದನ್ನು ಫ್ರಾನ್ಸಿನವರು ಮಾರಿಯೋಟ್ ನಿಯಮ ಅನ್ನುತ್ತಾರೆ. ಬಾಯ್ಲ್ ಸ್ವತಃ ಅದನ್ನು ಟೌನ್ಲಿ ಅನ್ನೋ ಗೆಳೆಯನ ಊಹೆ ಅಂತ ಬರೆದಿದ್ದ. ಯಾರ ಮಾತೂ ನಡೆಯಲಿಲ್ಲ.

ಈಗ ಹ್ಯಾಲಿ. ನಿಮ್ಮ ರೆಡಿಮೇಡ್ ಚಾರ್ಟ್ ತಪ್ಪು. ಹ್ಯಾಲಿ ಆ ಧೂಮಕೇತುವನ್ನು ಕಂಡುಹಿಡಿಯಲಿಲ್ಲ. ಅದನ್ನು ಸಾವಿರಾರು ವರ್ಷದಿಂದ ಜನ ನೋಡುತ್ತಲೇ ಇದ್ದರು, ಹೆದರುತ್ತಲೂ ಇದ್ದರು. ಆತ ಮಾಡಿದ್ದು ಲೆಕ್ಕ. 1531, 1607, 1682ರಲ್ಲಿ ಬಂದ ಮೂರರ ದಾರಿಯನ್ನೂ ಲೆಕ್ಕ ಹಾಕಿ, ಇವು ಮೂರಲ್ಲ, ಒಂದೇ, ಸುಮಾರು 76 ವರ್ಷಕ್ಕೆ ಒಮ್ಮೆ ತಿರುಗಿ ಬರುತ್ತದೆ, 1758ರಲ್ಲಿ ಮತ್ತೆ ಬರುತ್ತದೆ ಅಂತ ಹೇಳಿದ. ಹೇಳಿದವನು 1742ರಲ್ಲಿ ತೀರಿಕೊಂಡ. 1758ರ ಡಿಸೆಂಬರ್ 25ರ ರಾತ್ರಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಪಾಲಿಚ್ ಅನ್ನೋ ಒಬ್ಬ ರೈತ ಅದನ್ನು ಮೊದಲು ನೋಡಿದ. ಹೌದು, ರೈತ. ಹಗಲು ಹೊಲ, ರಾತ್ರಿ ದೂರದರ್ಶಕ. ಹೆಸರು ಹ್ಯಾಲಿಗೆ ಹೋಯಿತು, ಅದು ಸರಿಯೇ ಅನ್ನಿಸುತ್ತದೆ ನನಗೆ. ನೋಡೋದು ಎಲ್ಲರಿಗೂ ಆಗುತ್ತದೆ, ಬರೋ ವರ್ಷ ಹೇಳೋದು ಎಲ್ಲರಿಗೂ ಆಗಲ್ಲ.

1986ರಲ್ಲಿ ಅದು ಬಂದಾಗ ನಾನು ಸಣ್ಣವನು. ಬೀದರ್ ಕೋಟೆ ಹತ್ತಿರ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು "ಅಗೋ ಅಲ್ಲಿ, ಕಂಡಿತಾ?" ಅಂತ ಕೇಳಿದರು. ಏನೂ ಕಾಣಲಿಲ್ಲ. ಕಂಡಿತು ಅಂದೆ. ಮುಂದೆ ಬರೋದು 2061ಕ್ಕೆ, ನಿಮ್ಮ ಮಗಳು ನೋಡಬಹುದು.

ವಾಡಿ_ಜಂಕ್ಷನ್

ಮಾಸ್ತರ್ ಹೇಳಿದ ಮೇಲೆ ನಾನೇನು ಹೇಳಲಿ. ಆದರೆ ಡಾಪ್ಲರ್ ಬಗ್ಗೆ ಒಂದು ಮಾತು, ಯಾಕಂದರೆ ನಾನು ಬೆಳೆದದ್ದೇ ವಾಡಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ.

ರೈಲು ದೂರದಿಂದ ಹಾರ್ನ್ ಹೊಡೆಯುತ್ತಾ ಬರುವಾಗ ಸದ್ದು ಕೀಂ ಅಂತ ಸಣ್ಣಗೆ, ಚೂಪಾಗಿ ಇರುತ್ತದೆ. ಗೇಟ್ ದಾಟಿ ಮುಂದೆ ಹೋದ ಕೂಡಲೇ ಅದೇ ಹಾರ್ನ್ ಕೂಂ ಅಂತ ದಪ್ಪ ಆಗುತ್ತದೆ. ಡ್ರೈವರ್ ಏನೂ ಬದಲಾಯಿಸಿಲ್ಲ. ಇಂಜಿನ್ ನಮ್ಮ ಕಡೆ ಬರುವಾಗ ಸದ್ದಿನ ಅಲೆಗಳು ಒತ್ತೊತ್ತಾಗಿ ಕಿವಿಗೆ ಬೀಳುತ್ತವೆ, ದೂರ ಹೋಗುವಾಗ ಹಿಗ್ಗುತ್ತವೆ, ಅಷ್ಟೇ. ನಾವು ಹುಡುಗರು ಕಣ್ಣು ಮುಚ್ಚಿ ಗೇಟ್ ಹತ್ತಿರ ನಿಂತು, ಇಂಜಿನ್ ದಾಟಿದ ಕ್ಷಣಕ್ಕೆ ಕೈ ಎತ್ತೋ ಆಟ ಆಡುತ್ತಿದ್ದೆವು. ಸೋತವನು ಬಜ್ಜಿ ಕೊಡಿಸಬೇಕು. ಡಾಪ್ಲರ್ ಅಂತ ಹೆಸರು ಕೇಳಿದ್ದು ಅದಾಗಿ ಎಷ್ಟೋ ವರ್ಷಕ್ಕೆ.

ಆ ಡಾಪ್ಲರ್ ಇದ್ದಾನಲ್ಲ, ಅವನು 1842ರಲ್ಲಿ ಬರೆದಿದ್ದು ರೈಲಿನ ಬಗ್ಗೆ ಅಲ್ಲವೇ ಅಲ್ಲ. ಜೋಡಿ ನಕ್ಷತ್ರಗಳ ಬಣ್ಣದ ಬಗ್ಗೆ. ಅವು ಓಡುತ್ತಿರೋದರಿಂದಲೇ ಬೇರೆ ಬೇರೆ ಬಣ್ಣ ಕಾಣುತ್ತವೆ ಅಂದ. ಆ ಉದಾಹರಣೆ ತಪ್ಪು, ನಕ್ಷತ್ರದ ಬಣ್ಣ ಮುಖ್ಯವಾಗಿ ಅದರ ಬಿಸಿಯಿಂದ ಬರುತ್ತದೆ. ಆದರೆ ತತ್ವ ಸರಿ ಇತ್ತು. 1845ರಲ್ಲಿ ಹಾಲೆಂಡಿನ ಬೈಸ್ ಬಲ್ಲೋಟ್ ಅನ್ನೋರು ಅದನ್ನು ಪರೀಕ್ಷೆ ಮಾಡಿದ ರೀತಿ ಕೇಳಿ. ರೈಲಿನ ಮೇಲೆ ತುತ್ತೂರಿ ಊದುವವರನ್ನು ಹತ್ತಿಸಿದರು, ಹಳಿಯ ಪಕ್ಕದಲ್ಲಿ ಸ್ವರಜ್ಞಾನ ಇರೋ ಸಂಗೀತಗಾರರನ್ನು ನಿಲ್ಲಿಸಿದರು. ರೈಲು ಬಂತು, ಹೋಯಿತು, ಸ್ವರ ಎಷ್ಟು ಏರಿತು ಎಷ್ಟು ಇಳಿಯಿತು ಅಂತ ಕಿವಿಯಿಂದಲೇ ಅಳೆದರು. ನಮ್ಮ ಬ್ಯಾಂಡ್ ಕಂಪನಿಯವರನ್ನು ಗೂಡ್ಸ್ ಗಾಡಿ ಮೇಲೆ ಕೂರಿಸಿ ಶಹಾಬಾದ್‌ವರೆಗೆ ಕಳಿಸಿದ ಹಾಗೆ!

ಕಲಬುರಗಿಯಲ್ಲಿ ಯಾವ ಸ್ಕ್ಯಾನಿಂಗ್ ಸೆಂಟರ್ ಬೋರ್ಡ್ ನೋಡಿದರೂ "ಕಲರ್ ಡಾಪ್ಲರ್" ಅಂತ ಇರುತ್ತದೆ, ಅದು ಇದೇ. ರಕ್ತ ಎಷ್ಟು ಜೋರಾಗಿ, ಯಾವ ಕಡೆ ಹರಿಯುತ್ತಿದೆ ಅಂತ ಸದ್ದಿನ ಅಲೆಯಿಂದ ನೋಡೋದು. ಚಾರ್ಟ್‌ಗೆ ಆ ಬೋರ್ಡ್‌ನ ಫೋಟೋ ಅಂಟಿಸಿ.

ಜೆರಾಕ್ಸ್_ಕಲಬುರಗಿ

ವಾಡಿ ಅಣ್ಣಾ, ನನ್ನ ಅಂಗಡಿಯ ಎದುರಿನ ಸಾಲಿನಲ್ಲೇ ಆ ಬೋರ್ಡ್ ಇದೆ. ಆರು ವರ್ಷದಿಂದ ನೋಡುತ್ತಿದ್ದೇನೆ, ಡಾಪ್ಲರ್ ಅಂದರೆ ಮಷೀನ್ ಕಂಪನಿ ಹೆಸರು ಅಂದುಕೊಂಡಿದ್ದೆ. ಮಗಳು ಹೊಟ್ಟೆ ಹಿಡಿದು ನಕ್ಕಳು.

ಹಂಚಿನ_ಮುಂದೆ

ನಾನು ಖಾನಾವಳಿ ನಡೆಸುತ್ತೇನೆ, ಸೂಪರ್ ಮಾರ್ಕೆಟ್ ಕಡೆ. ವಿಜ್ಞಾನ ಗಿಜ್ಞಾನ ಗೊತ್ತಿಲ್ಲ, ಆದರೆ ಇಂಜಿನಿಯರಿಂಗ್ ಓದೋ ಮಗ ಹೇಳಿದ್ದು ಒಂದಿದೆ.

ಜೋಳದ ರೊಟ್ಟಿ ಹಾಕೋ ಮೊದಲು ಕಬ್ಬಿಣದ ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡುತ್ತೇವೆ. ಹಂಚು ಇನ್ನೂ ಕಾದಿಲ್ಲ ಅಂದರೆ ನೀರು ಸುಮ್ನೆ ಹರಡಿಕೊಂಡು ಕೂರುತ್ತದೆ. ಕಾದಿದ್ದರೆ ಚೊಂಯ್ ಅಂತ ಕ್ಷಣದಲ್ಲಿ ಆರಿಹೋಗುತ್ತದೆ, ಆಗ ರೊಟ್ಟಿ ಹಾಕಬೇಕು. ಇನ್ನೂ ಜಾಸ್ತಿ ಕಾದರೆ ತಮಾಷೆ ನೋಡಿ, ನೀರು ಆರಲ್ಲ! ಮುತ್ತಿನ ಹಾಗೆ ಗುಂಡಗಾಗಿ ಹಂಚಿನ ತುಂಬಾ ಓಡಾಡುತ್ತದೆ, ಪಾದರಸ ಚೆಲ್ಲಿದ ಹಾಗೆ. ಆಗ ಉರಿ ಸಣ್ಣ ಮಾಡಬೇಕು, ಇಲ್ಲದಿದ್ದರೆ ರೊಟ್ಟಿ ಕಪ್ಪಗೆ ಸುಡುತ್ತದೆ. ಇದು ನನಗೆ ನಮ್ಮ ಅತ್ತೆ ಹೇಳಿಕೊಟ್ಟಿದ್ದು, ಅವರಿಗೆ ಅವರ ಅತ್ತೆ.

ಮಗ ಅಂದ, ಇದಕ್ಕೆ ಲೈಡನ್‌ಫ್ರಾಸ್ಟ್ ಪರಿಣಾಮ ಅಂತ ಹೆಸರಂತೆ. ಹಂಚು ಎರಡು ನೂರು ಡಿಗ್ರಿ ಆಸುಪಾಸು ದಾಟಿದರೆ ಹನಿಯ ತಳ ಮುಟ್ಟಿದ ಕೂಡಲೇ ಉಗಿಯಾಗಿ, ಆ ಉಗಿಯೇ ಹಾಸಿಗೆಯ ಹಾಗೆ ಹನಿಯನ್ನು ಎತ್ತಿ ಹಿಡಿಯುತ್ತದೆ. ನೀರಿಗೆ ಹಂಚು ತಾಗೋದೇ ಇಲ್ಲ, ಅದಕ್ಕೇ ಬೇಗ ಆರಲ್ಲ. ಲೈಡನ್‌ಫ್ರಾಸ್ಟ್ ಜರ್ಮನಿಯ ಒಬ್ಬ ಡಾಕ್ಟರ್, 1756ರಲ್ಲಿ ಬರೆದ. ಅವನಿಗಿಂತ ಮೊದಲು 1732ರಲ್ಲೇ ಬೋರ್‌ಹಾವೆ ಅನ್ನೋ ಇನ್ನೊಬ್ಬ ಡಾಕ್ಟರ್ ಇದನ್ನು ಗಮನಿಸಿದ್ದನಂತೆ.

ನಾನು ಕೇಳಿದೆ, ಹಾಗಾದರೆ ನಮ್ಮ ಅತ್ತೆಯ ಹೆಸರು ಯಾಕಿಲ್ಲಪ್ಪಾ? ಅವನು ಅಂದ, ಅಮ್ಮಾ, ಆ ಡಾಕ್ಟರ್ ಕಬ್ಬಿಣದ ಚಮಚವನ್ನು ಕೆಂಪಗೆ ಕಾಯಿಸಿ, ಒಂದು ಹನಿ ಹಾಕಿ, ಅದು ಪೂರ್ತಿ ಆರೋಕೆ ಎಷ್ಟು ಹೊತ್ತು ಬೇಕು ಅಂತ ಎಣಿಸಿ ಬರೆದಿಟ್ಟ, ಅಜ್ಜಿ ಎಣಿಸಿದ್ದಳಾ ಅಂತ. ಅಜ್ಜಿ ರೊಟ್ಟಿ ಎಣಿಸುತ್ತಿದ್ದಳು ಅಂದೆ. ದಿನಕ್ಕೆ ಎರಡು ನೂರು ರೊಟ್ಟಿ ಬಡಿಯೋಳಿಗೆ ಹನಿ ಎಣಿಸೋಕೆ ಪುರುಸೊತ್ತು ಎಲ್ಲಿತ್ತು?

ಬಿಸಿಲು_43

ಇದೆಲ್ಲಾ ಸುಮ್ನೆ. ಹೊರಗಿನವರು ನಮ್ಮದನ್ನೆಲ್ಲಾ ಕದ್ದು ತಮ್ಮ ಹೆಸರು ಹಾಕಿಕೊಂಡಿದ್ದಾರೆ. ನಮ್ಮ ಹಿರಿಯರಿಗೆ ಎಲ್ಲಾ ಮೊದಲೇ ಗೊತ್ತಿತ್ತು. ಚಾರ್ಟ್‌ನಲ್ಲಿ ಅದನ್ನೇ ಬರೆಯಿರಿ.

ಕಾಗಿಣಾ_ದಂಡೆ

ಬಿಸಿಲು ಅವರೇ, "ಎಲ್ಲಾ ಗೊತ್ತಿತ್ತು" ಅಂತ ಬರೆದರೆ ಆ ಹುಡುಗಿಗೆ ಮಾರ್ಕ್ಸೂ ಬರಲ್ಲ, ನಮ್ಮ ಹಿರಿಯರಿಗೆ ಮರ್ಯಾದೆಯೂ ಬರಲ್ಲ. ಯಾರು, ಯಾವಾಗ, ಏನು ಅಂತ ಹೇಳಬೇಕು. ಹೇಳೋಕೆ ಬೇಕಾದಷ್ಟಿದೆ, ಅದೂ ನಮ್ಮ ಜಿಲ್ಲೆಯಲ್ಲೇ.

ನಾನು ಸೇಡಂ ತಾಲ್ಲೂಕಿನವನು. ಮಳಖೇಡ ಗೊತ್ತಲ್ವಾ, ಕಾಗಿಣಾ ನದಿ ದಂಡೆ, ರಾಷ್ಟ್ರಕೂಟರ ಮಾನ್ಯಖೇಟ. ಬಸ್ಸಿನಲ್ಲಿ ಹೋಗೋರು ಸಿಮೆಂಟ್ ಫ್ಯಾಕ್ಟರಿ ನೋಡುತ್ತಾರೆ, ಕೋಟೆ ಕಡೆ ತಿರುಗಿಯೂ ನೋಡಲ್ಲ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ "ಗಣಿತಸಾರಸಂಗ್ರಹ" ಬರೆದ. ಶುರುವಿನಲ್ಲೇ ಅಮೋಘವರ್ಷನನ್ನು ಹೊಗಳಿದ್ದಾನೆ. ಅದರಲ್ಲಿ ಒಂದಿಷ್ಟು ವಸ್ತುಗಳಲ್ಲಿ ಕೆಲವನ್ನು ಎಷ್ಟು ಥರ ಆರಿಸಬಹುದು ಅನ್ನೋ ಲೆಕ್ಕಕ್ಕೆ ಎಲ್ಲಾ ಸಂದರ್ಭಕ್ಕೂ ಹೊಂದೋ ಸೂತ್ರ ಇದೆ. ಮೇಲಿನ ಸಾಲಿನಲ್ಲಿ ಸಂಖ್ಯೆಗಳನ್ನು ಇಳಿಸುತ್ತಾ, ಕೆಳಗಿನ ಸಾಲಿನಲ್ಲಿ ಒಂದರಿಂದ ಏರಿಸುತ್ತಾ ಬರೆದು, ಮೇಲಿನ ಗುಣಲಬ್ಧವನ್ನು ಕೆಳಗಿನದರಿಂದ ಭಾಗಿಸು ಅಂತ.

ಹಂಚಿನ ಮುಂದೆ ಅಕ್ಕನ ಖಾನಾವಳಿಯಲ್ಲಿ ಇವತ್ತು ಆರು ಥರ ಪಲ್ಯ ಇದೆ ಅನ್ನಿ. ತಾಟಿಗೆ ಎರಡು ಮಾತ್ರ ಹಾಕುತ್ತಾರೆ. ಎಷ್ಟು ಥರ ತಾಟು ಆಗುತ್ತದೆ? ಮೇಲೆ 6 ಮತ್ತು 5, ಕೆಳಗೆ 1 ಮತ್ತು 2. ಮೂವತ್ತನ್ನು ಎರಡರಿಂದ ಭಾಗಿಸಿ, 15. ಮೂರು ಪಲ್ಯ ಹಾಕಿದರೆ 20. ಪಿಯುಸಿ ಮಕ್ಕಳು ಇವತ್ತು ಮಾಡೋದು ಇದನ್ನೇ. ಯುರೋಪಿನಲ್ಲಿ ಈ ಸಾಮಾನ್ಯ ಸೂತ್ರ ಎರಿಗಾನ್ ಅನ್ನೋನ ಪುಸ್ತಕದಲ್ಲಿ 1634ರಲ್ಲಿ ಬಂತು. ನಡುವೆ ಹತ್ತಿರ ಹತ್ತಿರ ಎಂಟು ನೂರು ವರ್ಷ. ಇಬ್ಬರ ಹೆಸರೂ ಅದಕ್ಕೆ ಅಂಟಲಿಲ್ಲ ಅನ್ನೋದು ಬೇರೆ ಮಾತು.

ಹೆಸರು ಪೂರ್ತಿ ತಪ್ಪು ಮನೆಗೆ ಹೋದದ್ದು ಬೇಕಾ? "ಪೆಲ್ ಸಮೀಕರಣ". ಒಂದು ಸಂಖ್ಯೆಯ ವರ್ಗದಿಂದ ಇನ್ನೊಂದರ ವರ್ಗದ 61 ಪಟ್ಟನ್ನು ಕಳೆದರೆ 1 ಉಳಿಯಬೇಕು, ಆ ಎರಡು ಪೂರ್ಣಸಂಖ್ಯೆ ಯಾವುವು? ಇದನ್ನು 1657ರಲ್ಲಿ ಫರ್ಮಾ ಯುರೋಪಿನವರಿಗೆ ಸವಾಲಾಗಿ ಹಾಕಿದ. ನಮ್ಮ ಭಾಸ್ಕರಾಚಾರ್ಯ ಇದೇ 61ರ ಲೆಕ್ಕವನ್ನು 1150ರಲ್ಲೇ ಚಕ್ರವಾಲ ವಿಧಾನದಿಂದ ಬಿಡಿಸಿ ಇಟ್ಟಿದ್ದ. ಅತಿ ಚಿಕ್ಕ ಉತ್ತರವೇ 1766319049 ಮತ್ತು 226153980. ಕ್ಯಾಲ್ಕುಲೇಟರ್ ಇಲ್ಲದೆ! ಅದಕ್ಕೂ ಐದು ನೂರು ವರ್ಷ ಹಿಂದೆ ಬ್ರಹ್ಮಗುಪ್ತ ದಾರಿ ಹಾಕಿದ್ದ. ಯುರೋಪಿನಲ್ಲಿ ಬಿಡಿಸಿದ್ದು ಬ್ರೌಂಕರ್. ದೊಡ್ಡ ಗಣಿತಜ್ಞ ಆಯ್ಲರ್ ಮಹಾಶಯ ಬ್ರೌಂಕರ್ ಅನ್ನೋದನ್ನು ಪೆಲ್ ಅನ್ನೋ ಇನ್ನೊಬ್ಬ ಗಣಿತಜ್ಞ ಅಂತ ತಪ್ಪು ತಿಳಿದು ಬರೆದ, ಆಯ್ಲರ್ ಬರೆದ ಮೇಲೆ ಕೇಳೋರು ಯಾರು, ಪೆಲ್ ಅಂತಲೇ ಉಳಿಯಿತು. ಕದ್ದಿದ್ದಲ್ಲ ಸ್ವಾಮಿ, ಭಾಸ್ಕರನ ಹೆಸರು ಅವರ ಕಿವಿಗೇ ಬಿದ್ದಿರಲಿಲ್ಲ. ನಾವಾದರೂ ಮಹಾವೀರಾಚಾರ್ಯನನ್ನು ಎಷ್ಟು ನೆನಪಿಟ್ಟಿದ್ದೇವೆ? ಮಳಖೇಡದಲ್ಲಿ ಹತ್ತು ಜನರನ್ನು ಕೇಳಿ ನೋಡಿ.

ಇನ್ನೊಬ್ಬರು ನಮ್ಮ ಹಳೆಯ ಹೈದರಾಬಾದ್ ರಾಜ್ಯದ ಕಡೆಯವರು, ವೇಣು ಬಾಪು. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಮಗ ಅಮೆರಿಕದಲ್ಲಿ ಓದುವಾಗ 1949ರಲ್ಲಿ ಒಂದು ಧೂಮಕೇತು ಕಂಡರು, ಅದಕ್ಕೆ ಬಾಪು-ಬಾಕ್-ನ್ಯೂಕರ್ಕ್ ಅಂತ ಹೆಸರಿದೆ. ಕಲಬುರಗಿಯೂ ಆ ರಾಜ್ಯದಲ್ಲೇ ಇತ್ತಲ್ವಾ, 1956ರವರೆಗೆ. ಪಟ್ಟಿಯಲ್ಲಿ ಮೂರನೆಯವರಾಗಿ ಬರೆದುಕೊಳ್ಳಲಿ ಮಗಳು.

ಲ್ಯಾಬ್_ಯಾದಗಿರಿ

ಚಿಕ್ಕದೊಂದು ಸೇರಿಸುತ್ತೇನೆ, ಡ್ಯೂಟಿಯಲ್ಲಿದ್ದೇನೆ. ಕಾಲಾ ಅಜಾರ್ ಜ್ವರದ ಪರೋಪಜೀವಿಗೆ ಲೀಶ್ಮೇನಿಯಾ ಡೊನೊವಾನಿ ಅಂತ ಹೆಸರು. 1903ರಲ್ಲಿ ಲೀಶ್ಮನ್ ಮತ್ತು ಮದ್ರಾಸಿನಲ್ಲಿದ್ದ ಡೊನೊವನ್ ಇಬ್ಬರೂ ಬೇರೆ ಬೇರೆಯಾಗಿ ಅದನ್ನು ತೋರಿಸಿದರು, ಯಾರು ಮೊದಲು ಅಂತ ಜಗಳ ಶುರುವಾಯಿತು. ಸಿಕಂದರಾಬಾದಿನಲ್ಲಿ ಮಲೇರಿಯಾ ಗುಟ್ಟು ಬಿಡಿಸಿದ ರೊನಾಲ್ಡ್ ರಾಸ್ ಹೆಸರಿಡುವಾಗ ಇಬ್ಬರನ್ನೂ ಸೇರಿಸಿಬಿಟ್ಟರು, ಒಬ್ಬರದು ಮುಂದೆ, ಒಬ್ಬರದು ಹಿಂದೆ. ಮದುವೆ ಕಾರ್ಡಿನಲ್ಲಿ ಎರಡೂ ಕಡೆಯ ಅಜ್ಜಂದಿರ ಹೆಸರು ಹಾಕಿದ ಹಾಗೆ.

ಬೀದರ್_ಮಾಸ್ತರ್

ಕಾಗಿಣಾ ಅವರೇ, ಭೇಷ್. ಪೆಲ್ ವಿಷಯ ಬಂದದ್ದರಿಂದ ಹೇಳುತ್ತೇನೆ, ಇಂಥ ತಪ್ಪಿಗೂ ಒಂದು ನಿಯಮ ಇದೆ. ಯಾವ ಶೋಧಕ್ಕೂ ಅದನ್ನು ಮೊದಲು ಮಾಡಿದವನ ಹೆಸರು ಇರುವುದಿಲ್ಲ ಅನ್ನೋದು ಸ್ಟಿಗ್ಲರ್ ನಿಯಮ, ಸ್ಟೀಫನ್ ಸ್ಟಿಗ್ಲರ್ 1980ರಲ್ಲಿ ಬರೆದದ್ದು. ಈ ನಿಯಮವೂ ನನ್ನದಲ್ಲ, ಸಮಾಜಶಾಸ್ತ್ರಜ್ಞ ಮರ್ಟನ್ ಅವರದ್ದು ಅಂತ ಆತನೇ ಹೇಳಿಬಿಟ್ಟಿದ್ದಾನೆ!

ಆದರೆ ಒಂಬತ್ತನೇ ಕ್ಲಾಸಿನ ಹುಡುಗಿಗೆ ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ, ಎಂಪೆಂಬಾ ಪರಿಣಾಮ. ಯಾಕಂದರೆ ಎಂಪೆಂಬಾ ಕೂಡ ಹೈಸ್ಕೂಲ್ ಹುಡುಗನೇ.

ತಾಂಜಾನಿಯಾ, 1963. ಶಾಲೆಯಲ್ಲಿ ಹುಡುಗರು ಐಸ್‌ಕ್ರೀಮ್ ಮಾಡುತ್ತಿದ್ದರು. ಹಾಲು ಕಾಯಿಸಿ, ಸಕ್ಕರೆ ಹಾಕಿ, ಆರಿಸಿ, ಆಮೇಲೆ ಫ್ರಿಜ್‌ಗೆ ಇಡಬೇಕು. ಫ್ರಿಜ್‌ನಲ್ಲಿ ಜಾಗ ಕಡಿಮೆ, ನೂಕುನುಗ್ಗಲು. ಎರಾಸ್ಟೊ ಎಂಪೆಂಬಾ ಜಾಗ ಹೋದೀತು ಅಂತ ಹೆದರಿ ಬಿಸಿ ಬಿಸಿ ಹಾಲನ್ನೇ ಒಳಗಿಟ್ಟ. ತೆಗೆದು ನೋಡಿದರೆ ಇವನದ್ದು ಗಟ್ಟಿಯಾಗಿತ್ತು, ಕಾಯಿಸದೇ ಹಾಗೇ ಇಟ್ಟ ಇನ್ನೊಬ್ಬ ಹುಡುಗನದ್ದು ಇನ್ನೂ ಅರೆಬರೆ. ಮೇಷ್ಟ್ರನ್ನು ಕೇಳಿದ. ನೀನೇನೋ ಗೊಂದಲ ಮಾಡಿಕೊಂಡಿದ್ದೀಯ ಅಂದರು. ಮುಂದೆ ಇನ್ನೊಂದು ಶಾಲೆಯಲ್ಲೂ ಕೇಳಿದ, ಅಲ್ಲಿನ ಮೇಷ್ಟ್ರು ಇದು ಎಂಪೆಂಬಾನ ಫಿಸಿಕ್ಸ್, ಲೋಕದ ಫಿಸಿಕ್ಸ್ ಅಲ್ಲ ಅಂತ ಗೇಲಿ ಮಾಡಿದರು. ಆಮೇಲೆ ಲೆಕ್ಕ ತಪ್ಪಿದಾಗಲೆಲ್ಲಾ ಕ್ಲಾಸಿನ ಹುಡುಗರು ಅದು ಎಂಪೆಂಬಾ ಗಣಿತ ಅನ್ನೋಕೆ ಶುರು ಮಾಡಿದರು. ಮೇಷ್ಟ್ರುಗಳ ಜಾತಿಯೇ ಹೀಗೆ, ನಾನೂ ಎಷ್ಟು ಸಲ ಹೀಗೆ ಮಾಡಿದ್ದೇನೋ.

ಒಂದು ದಿನ ಡೆನಿಸ್ ಆಸ್ಬೋರ್ನ್ ಅನ್ನೋ ಪ್ರೊಫೆಸರ್ ಶಾಲೆಗೆ ಭಾಷಣಕ್ಕೆ ಬಂದರು. ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಅಂದಾಗ ಎಂಪೆಂಬಾ ಎದ್ದು ಅದನ್ನೇ ಕೇಳಿದ. ಎಲ್ಲರೂ ನಕ್ಕರು. ಆಸ್ಬೋರ್ನ್ ಮಾತ್ರ ನಗಲಿಲ್ಲ, ವಾಪಸ್ ಹೋಗಿ ಲ್ಯಾಬಿನ ಟೆಕ್ನಿಷಿಯನ್‌ಗೆ ಮಾಡಿ ನೋಡು ಅಂದರು. ಆತ ಬಂದು ಹೇಳಿದ್ದೇನು ಗೊತ್ತಾ? ಬಿಸಿ ನೀರೇ ಮೊದಲು ಗಟ್ಟಿಯಾಯಿತು ಸರ್, ಆದರೆ ಸರಿಯಾದ ಉತ್ತರ ಬರೋವರೆಗೂ ಮಾಡುತ್ತಲೇ ಇರುತ್ತೇವೆ! 1969ರಲ್ಲಿ ಹುಡುಗ ಮತ್ತು ಪ್ರೊಫೆಸರ್ ಇಬ್ಬರ ಹೆಸರಲ್ಲೂ ಲೇಖನ ಬಂತು. ಗೇಲಿಗೆ ಹಿಡಿದ ಹೆಸರೇ ಕೊನೆಗೆ ವಿಜ್ಞಾನದ ಹೆಸರಾಯಿತು.

ಇನ್ನೊಂದು ಮುಖವನ್ನೂ ಚಾರ್ಟ್‌ನಲ್ಲಿ ಹಾಕಲಿ. ಇದು ಎಲ್ಲಾ ಸಲ ಆಗಲ್ಲ. 2016ರಲ್ಲಿ ಬ್ರಿಟನ್ನಿನ ಇಬ್ಬರು ಎಚ್ಚರಿಕೆಯಿಂದ ಅಳೆದು, ನಮಗೆ ಇಂಥ ಪರಿಣಾಮ ಕಾಣಲೇ ಇಲ್ಲ, ಥರ್ಮಾಮೀಟರನ್ನು ಒಂದು ಸೆಂಟಿಮೀಟರ್ ಮೇಲೆ ಕೆಳಗೆ ಇಟ್ಟರೂ ಉತ್ತರ ಬದಲಾಗುತ್ತದೆ ಅಂದರು. ವಾದ ಇನ್ನೂ ನಡೆದಿದೆ. ಮನೆಯಲ್ಲಿ ಎರಡು ಸ್ಟೀಲ್ ಲೋಟ ಇಟ್ಟು ನೋಡಿ, ಖರ್ಚಿಲ್ಲ.

ಮತ್ತೆ ನಮ್ಮವರ ಸಂಖ್ಯೆ ಕಡಿಮೆ ಅಂತ ಬೇಜಾರಿದ್ದರೆ ಕಾಪ್ರೇಕರ್ ಅವರನ್ನು ಮರೆಯಬೇಡಿ. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮಾಸ್ತರ್. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಇರಬಾರದು ಅಷ್ಟೇ. ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಏರಿಕೆಯದನ್ನು ಕಳೆಯಿರಿ, ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲಕ್ಕೆ 6174ಕ್ಕೆ ಬಂದು ನಿಲ್ಲುತ್ತದೆ. ರಾಮನ್ ಅವರ 1928 ಹಾಕಿ ನೋಡಿ. 9821ರಲ್ಲಿ 1289 ಕಳೆದರೆ 8532. 8532ರಲ್ಲಿ 2358 ಕಳೆದರೆ 6174. ಎರಡೇ ಸಲ. ಇದನ್ನು ಕಾಪ್ರೇಕರ್ ಸ್ಥಿರಾಂಕ ಅನ್ನುತ್ತಾರೆ. ಪಿಎಚ್‌ಡಿ ಇಲ್ಲ, ದೊಡ್ಡ ಲ್ಯಾಬ್ ಇಲ್ಲ, ಪೆನ್ನು ಮತ್ತು ಹಾಳೆ.

ಜೆರಾಕ್ಸ್_ಕಲಬುರಗಿ

ಎಲ್ಲರಿಗೂ ಕೈ ಮುಗಿದೆ. ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದು ಹೇಳಲೇಬೇಕು.

ಮಗಳು ಎರಡು ಸ್ಟೀಲ್ ಲೋಟಕ್ಕೆ ಅಳೆದು ಅಷ್ಟಷ್ಟೇ ನೀರು ಹಾಕಿದಳು. ಒಂದು ಕೊಡದ ನೀರು, ಒಂದು ಒಲೆಯಿಂದ ಇಳಿಸಿದ್ದು. ಫ್ರೀಜರ್‌ನಲ್ಲಿದ್ದ ಬಟಾಣಿ ಪ್ಯಾಕೆಟ್ ಹೊರಗೆ ಹಾಕಿದ್ದಕ್ಕೆ ಅವರ ಅಮ್ಮನಿಂದ ಬೈಸಿಕೊಂಡಳು. ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ಕಡ್ಡಿ ಚುಚ್ಚಿ ನೋಡೋದು, ಜೆರಾಕ್ಸ್ ಹಾಳೆ ಹಿಂದೆ ಬರೆಯೋದು. ಹಾಗೆ ಬಾಗಿಲು ತೆಗೆದರೆ ತಂಪು ಹೋಗುತ್ತದೆ ಅಂದೆ, ಎಂಪೆಂಬಾ ಕೂಡ ತೆಗೆದಿರಬೇಕು ಅಂದಳು. ನಲವತ್ತು ನಿಮಿಷಕ್ಕೆ ತಣ್ಣೀರಿನ ಲೋಟದ ಅಂಚಿಗೆ ಸಣ್ಣ ಪೊರೆ ಕಟ್ಟಿತ್ತು, ಬಿಸಿಯದರಲ್ಲಿ ಏನೂ ಇಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದದ್ದು ಒಂದೂವರೆ ಗಂಟೆಗೆ. ಎರಡೂ ನೀರು, ಬಟಾಣಿಯೂ ನೀರು.

ಚಾರ್ಟ್ ಹೀಗೆ ಆಗಿದೆ. ನಡುವೆ ರಾಮನ್, ಪಕ್ಕದಲ್ಲಿ ಅಷ್ಟೇ ದೊಡ್ಡಕ್ಷರದಲ್ಲಿ ಕೃಷ್ಣನ್, ಅದು ಮಾಸ್ತರ್ ಮಾತಿಗೆ. ಎಡಗಡೆ ಮಳಖೇಡ ಮತ್ತು ಹದಿನೈದು ತಾಟು. ಬಲಗಡೆ ಎದುರಿನ ಸ್ಕ್ಯಾನಿಂಗ್ ಬೋರ್ಡಿನ ಫೋಟೋ, ರೈಲಿನ ಮೇಲೆ ಬ್ಯಾಂಡಿನವರ ಚಿತ್ರ. ಹಂಚಿನ ಮುಂದೆ ಅಕ್ಕಾ, ನಿಮ್ಮ ಅತ್ತೆಯವರ ಹೆಸರೇನು ಅಂತ ಕೇಳುತ್ತಿದ್ದಾಳೆ, ಲೈಡನ್‌ಫ್ರಾಸ್ಟ್ ಕೆಳಗೆ ಜಾಗ ಬಿಟ್ಟಿದ್ದಾಳೆ. ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ. ಮಧ್ಯಾಹ್ನದೊಳಗೆ ಹೇಳಿದರೆ ಒಳ್ಳೆಯದು, ಸಂಜೆ ಲ್ಯಾಮಿನೇಷನ್ ಮಾಡುತ್ತೇನೆ.